ಸ್ಕ್ಯಾನಿನಲ್ಲಿ ಗುಲ್ಮದ ಲೀಶನ್ ಕಂಡಿದೆ: ಮುಂದಿನ ಹೆಜ್ಜೆಗಳು

ಓದುಗರಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಬಗೆಯದು. ಕಿಡ್ನಿ ಕಲ್ಲಿಗೋ ಹೊಟ್ಟೆನೋವಿಗೋ ಸ್ಕ್ಯಾನ್ ಮಾಡಿಸಿರುತ್ತಾರೆ. ರಿಪೋರ್ಟಿನ ಕೊನೆಯ ಸಾಲುಗಳಲ್ಲಿ ‘ಸ್ಪ್ಲೀನ್‌ನಲ್ಲಿ 14 ಮಿ.ಮೀ. ಲೀಶನ್’ ಎಂದಿರುತ್ತದೆ. ಸ್ಪ್ಲೀನ್ ಎಂದರೆ ಗುಲ್ಮ. ಇದು ಕ್ಯಾನ್ಸರಾ, ಬಯಾಪ್ಸಿ (ಸೂಜಿಯಿಂದ ತುಣುಕು ತೆಗೆದು ಪರೀಕ್ಷಿಸುವುದು) ಬೇಕಾ, ಗುಲ್ಮವನ್ನೇ ತೆಗೆಸಿಬಿಡಬೇಕಾ ಎಂದು ಕೇಳುತ್ತಾರೆ.

ಮೊದಲೇ ಹೇಳಿಬಿಡುತ್ತೇನೆ: ಹಿಂದೆ ಕ್ಯಾನ್ಸರ್ ಆಗಿಲ್ಲದ, ಜ್ವರವಾಗಲಿ ತೂಕ ಇಳಿಯುವುದಾಗಲಿ ಎಡಪಕ್ಕೆಯ ನೋವಾಗಲಿ ಇಲ್ಲದ ವ್ಯಕ್ತಿಯಲ್ಲಿ ಅಕಸ್ಮಾತ್ತಾಗಿ ಕಂಡ ಗುಲ್ಮದ ಲೀಶನ್ ಬಹುಪಾಲು ಅಪಾಯವಿಲ್ಲದ್ದೇ ಆಗಿರುತ್ತದೆ. ಆದರೆ ‘ಬಹುಪಾಲು’ ಎಂದ ಮಾತ್ರಕ್ಕೆ ನಿಮ್ಮದು ಯಾವ ಬಗೆಯದೆಂದು ಗೊತ್ತಾಗುವುದಿಲ್ಲ. ಅದು ಗೊತ್ತಾಗುವುದು ಹಳೆಯ ಸ್ಕ್ಯಾನಿನಿಂದ, ನಿಮ್ಮ ಆರೋಗ್ಯದ ಹಿನ್ನೆಲೆಯಿಂದ ಮತ್ತು ಸರಿಯಾದ ಹೊತ್ತಿಗೆ ತೆಗೆದ ಚಿತ್ರದಿಂದ. ಈ ಮೂರರಲ್ಲಿ ಒಂದು ಕೈಕೊಟ್ಟರೂ ಬೇಡದ ಪರೀಕ್ಷೆಗಳ ಸಾಲು ಶುರುವಾಗುತ್ತದೆ.

ಗುಲ್ಮ ಇರುವುದು ಹೊಟ್ಟೆಯ ಎಡ ಮೇಲ್ಭಾಗದಲ್ಲಿ, 9ರಿಂದ 11ನೇ ಪಕ್ಕೆಲುಬುಗಳ ಒಳಗೆ. ಹಳೆಯ ಕೆಂಪು ರಕ್ತಕಣಗಳನ್ನು ಸೋಸಿ ತೆಗೆಯುವುದು, ರೋಗಾಣುಗಳ ವಿರುದ್ಧ ಹೋರಾಡುವುದು ಅದರ ಕೆಲಸ. ಅದರ ತುಂಬ ರಕ್ತವೇ ಇರುವುದರಿಂದ ಸೂಜಿ ಹಾಕುವ ಮುನ್ನ ವೈದ್ಯರು ಎರಡು ಸಲ ಯೋಚಿಸುತ್ತಾರೆ. ಹಾಗಾಗಿ ಬೇರೆ ಅಂಗಗಳಿಗಿಂತ ಇಲ್ಲಿ ಚಿತ್ರಗಳ ಮೇಲೆ ಬೀಳುವ ಹೊಣೆ ದೊಡ್ಡದು.

ಮುಂದೆ ಪದೇ ಪದೇ ಬರುವ ಮೂರು ಪದಗಳನ್ನು ಇಲ್ಲೇ ತಿಳಿದುಕೊಳ್ಳಿ. ಲೀಶನ್ ಎಂದರೆ ಸುತ್ತಲಿನ ಅಂಗಾಂಶಕ್ಕಿಂತ ಬೇರೆಯಾಗಿ ಕಾಣುವ ಜಾಗ, ಅಷ್ಟೇ. ಅದು ನೀರಿನ ಚೀಲವಿರಬಹುದು, ಹಳೆಯ ಗಾಯದ ಕಲೆಯಿರಬಹುದು, ಗಡ್ಡೆಯೂ ಇರಬಹುದು. ಕಾಂಟ್ರಾಸ್ಟ್ ಎಂದರೆ ರಕ್ತನಾಳಗಳೂ ಅಂಗಗಳೂ ಎದ್ದು ಕಾಣಲೆಂದು ನರಕ್ಕೆ ಕೊಡುವ ಔಷಧ. ಫೇಸ್ ಎಂದರೆ ಕಾಂಟ್ರಾಸ್ಟ್ ಕೊಟ್ಟು ಎಷ್ಟು ಸೆಕೆಂಡಿಗೆ ಚಿತ್ರ ತೆಗೆದರು ಎಂಬುದು.

ಜೊತೆಗಿಟ್ಟುಕೊಳ್ಳಬೇಕಾದವು

ಈ ಹಿಂದೆ ಹೊಟ್ಟೆಗೋ ಎದೆಗೋ ಮಾಡಿಸಿದ ಎಲ್ಲ ಸ್ಕ್ಯಾನ್‌ಗಳ ಚಿತ್ರಗಳು ಬೇಕು. ರಿಪೋರ್ಟಿನ ಕಾಗದವಷ್ಟೇ ಸಾಲದು, ಸಿ.ಡಿ. ಅಥವಾ ಡಿಜಿಟಲ್ ಫೈಲ್ ಬೇಕು. ಎದೆಯ ಸಿ.ಟಿ.ಯನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ. ಆದರೆ ಅದರ ಕೊನೆಯ ಚಿತ್ರಗಳಲ್ಲಿ ಗುಲ್ಮದ ಮೇಲ್ಭಾಗ ಸಾಮಾನ್ಯವಾಗಿ ಸಿಕ್ಕಿಬಿಡುತ್ತದೆ.

ರಕ್ತಪರೀಕ್ಷೆಗಳಲ್ಲಿ ರಕ್ತಕಣಗಳ ಎಣಿಕೆ ಮತ್ತು ಕಿಡ್ನಿಯ ಶಕ್ತಿ ತಿಳಿಸುವ ಕ್ರಿಯಾಟಿನಿನ್ ಮುಖ್ಯ. ಇವುಗಳ ಜೊತೆಗೆ ಒಂದು ಹಾಳೆಯಲ್ಲಿ ಇಷ್ಟನ್ನು ಬರೆದುಕೊಳ್ಳಿ: ಹಿಂದೆ ಯಾವುದಾದರೂ ಕ್ಯಾನ್ಸರ್, ಎಡಪಕ್ಕೆಗೆ ಬಿದ್ದ ಪೆಟ್ಟು (ಎಷ್ಟೇ ವರ್ಷ ಹಿಂದಿನದಾದರೂ), ಬಿಟ್ಟುಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಕ್ಷಯ, ಲಿವರ್ ಕಾಯಿಲೆ, ಹೃದಯದ ಕವಾಟದ ತೊಂದರೆ, ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಗಳು, ಕುರಿ ಮತ್ತು ನಾಯಿಗಳ ಒಡನಾಟ. ಕೊನೆಯದು ವಿಚಿತ್ರವೆನಿಸಬಹುದು. ಅದರ ಕಾರಣ ಮುಂದೆ ಬರುತ್ತದೆ.

1. ಇದು ತುರ್ತೇ ಎಂದು ಮೊದಲು ನೋಡಿ

ಹೊಟ್ಟೆಗೆ ಅಥವಾ ಎಡಪಕ್ಕೆಗೆ ಪೆಟ್ಟು ಬಿದ್ದ ಮೇಲೆ ನೋವು, ತಲೆಸುತ್ತು, ಎಡ ಭುಜದ ತುದಿಯಲ್ಲಿ ನೋವು ಕಾಣಿಸಿದರೆ ಈ ಲೇಖನ ಬದಿಗಿಟ್ಟು ತುರ್ತು ವಿಭಾಗಕ್ಕೆ ಹೋಗಿ. ಗುಲ್ಮದಿಂದ ಸೋರಿದ ರಕ್ತ ವಪೆಯನ್ನು, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆಯನ್ನು, ಕೆರಳಿಸಿದಾಗ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ಭುಜಕ್ಕೆ ಪೆಟ್ಟೇ ಬಿದ್ದಿಲ್ಲವಲ್ಲ ಎಂದು ಅದನ್ನು ಕಡೆಗಣಿಸಬೇಡಿ. ಚಳಿಜ್ವರದ ಜೊತೆ ಎಡಪಕ್ಕೆಯ ನೋವಿದ್ದರೂ ಕಾಯಬಾರದು, ಅದು ಕೀವುಗಡ್ಡೆ ಇರಬಹುದು.

ಉಳಿದವರಿಗೆ ಕೆಲವು ದಿನಗಳ ಅವಕಾಶ ಇದ್ದೇ ಇರುತ್ತದೆ. ಅದನ್ನು ಮುಂದಿನ ಹೆಜ್ಜೆಗೆ ಬಳಸಿಕೊಳ್ಳಿ.

2. ಹಳೆಯ ಚಿತ್ರಗಳೊಂದಿಗೆ ಹೋಲಿಸಿ ನೋಡಿಸಿ

ಇಡೀ ದಾರಿಯಲ್ಲಿ ಅತಿ ಕಡಿಮೆ ಶ್ರಮದ, ಅತಿ ಹೆಚ್ಚು ಫಲ ಕೊಡುವ ಹೆಜ್ಜೆ ಇದು. ಅತಿ ಹೆಚ್ಚು ಜನ ದಾಟಿಕೊಂಡು ಹೋಗುವ ಹೆಜ್ಜೆಯೂ ಇದೇ. ಅಕಸ್ಮಾತ್ತಾಗಿ ಕಂಡ ಗುಲ್ಮದ ಲೀಶನ್‌ಗಳ ಬಗ್ಗೆ ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ 2013ರಲ್ಲಿ ಒಂದು ಮಾರ್ಗಸೂಚಿ ಪ್ರಕಟಿಸಿತು. ಒಂದು ವರ್ಷದಲ್ಲಿ ಲೀಶನ್ ಬದಲಾಗದೆ ಹಾಗೇ ಇದ್ದರೆ ಅದಕ್ಕಾಗಿ ಮತ್ತೆ ಸ್ಕ್ಯಾನ್ ಬೇಕಿಲ್ಲ ಎಂದು ಅದು ಹೇಳುತ್ತದೆ. ಎರಡು ವರ್ಷ ಹಿಂದಿನ ಸಿ.ಟಿ.ಯಲ್ಲೂ ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ಲೀಶನ್ ಇತ್ತೆಂದಾದರೆ ನಿಮ್ಮ ಅಲೆದಾಟ ಬಹುಶಃ ಇಲ್ಲಿಗೇ ಮುಗಿಯಿತು.

ಎಚ್ಚರಿಕೆ: ಹಳೆಯ ರಿಪೋರ್ಟಿನಲ್ಲಿ ಲೀಶನ್ ಪ್ರಸ್ತಾಪವೇ ಇಲ್ಲ, ಹಾಗಾಗಿ ಇದು ಹೊಸದು ಎಂಬ ತೀರ್ಮಾನಕ್ಕೆ ಬರಬೇಡಿ. ಸಣ್ಣದೆಂದು ಆಗ ಬರೆಯದೆ ಬಿಟ್ಟಿರಬಹುದು. ಚಿತ್ರಗಳನ್ನೇ ತೆರೆದು ನೋಡಬೇಕು. ‘ಹಿಂದಿನ ಚಿತ್ರಗಳೊಂದಿಗೆ ಹೋಲಿಸಿ’ ಎಂದು ಸ್ಕ್ಯಾನ್ ಚೀಟಿಯಲ್ಲೇ ಬರೆಸಿ.

3. ಅದು ನಿಜವಾಗಿ ಲೀಶನ್ ಹೌದೇ ಎಂದು ಖಚಿತಪಡಿಸಿಕೊಳ್ಳಿ

ಲೀಶನ್ ಎಂದು ಕಂಡದ್ದೆಲ್ಲ ಲೀಶನ್ ಅಲ್ಲ. ಸಿ.ಟಿ.ಯಲ್ಲಿ ಕಾಂಟ್ರಾಸ್ಟ್ ಕೊಟ್ಟು 25–35 ಸೆಕೆಂಡಿಗೆ ಚಿತ್ರ ತೆಗೆದರೆ ಅದು ಆರ್ಟೀರಿಯಲ್ ಫೇಸ್. ಗುಲ್ಮದೊಳಗೆ ರಕ್ತ ಕೆಲವು ದಾರಿಗಳಲ್ಲಿ ಬೇಗ, ಕೆಲವು ದಾರಿಗಳಲ್ಲಿ ನಿಧಾನವಾಗಿ ಹರಿಯುವುದರಿಂದ ಆ ಹೊತ್ತಿನಲ್ಲಿ ಪೂರಾ ಆರೋಗ್ಯವಂತ ಗುಲ್ಮವೂ ಕಪ್ಪುಬಿಳುಪು ಪಟ್ಟೆಪಟ್ಟೆಯಾಗಿ ಕಾಣುತ್ತದೆ. ರೇಡಿಯಾಲಜಿಸ್ಟರು ಇದನ್ನು ಜೀಬ್ರಾ ಸ್ಪ್ಲೀನ್ ಎನ್ನುತ್ತಾರೆ. ಸುಮಾರು 70 ಸೆಕೆಂಡಿಗೆ, ಅಂದರೆ ಪೋರ್ಟಲ್ ವೀನಸ್ ಫೇಸ್‌ನಲ್ಲಿ ತೆಗೆದರೆ ಪಟ್ಟೆಗಳು ಮಾಯವಾಗಿ ಇಡೀ ಗುಲ್ಮ ಒಂದೇ ಬಣ್ಣಕ್ಕೆ ಬರುತ್ತದೆ. ಮೊದಲ ಫೇಸ್‌ನ ಚಿತ್ರ ಮಾತ್ರ ನೋಡಿ ಯಾರಾದರೂ ಲೀಶನ್ ಎಂದಿದ್ದರೆ ಅದನ್ನು ಒಪ್ಪಿಕೊಳ್ಳುವ ಮೊದಲು ‘ಇದು ಯಾವ ಫೇಸ್?’ ಎಂದು ಕೇಳಿ. ಎಂ.ಆರ್.ಐ.ಯ ಮೊದಲ ಫೇಸ್‌ನಲ್ಲೂ ಇದೇ ಪಟ್ಟೆ ಕಾಣುತ್ತದೆ.

ಇನ್ನೊಂದು ಗೊಂದಲ ಹುಟ್ಟಿನಿಂದ ಬಂದ ಸೀಳುಗಳದ್ದು. ಗುಲ್ಮದ ಅಂಚಿನಲ್ಲಿ ನಯವಾದ ಸೀಳುಗಳಿರುವುದು ಸಹಜ. ಅಪಘಾತದ ನಂತರದ ಸ್ಕ್ಯಾನಿನಲ್ಲಿ ಅವು ಗಾಯದಂತೆ ಕಾಣಬಹುದು. ಸೀಳಿನ ಅಂಚು ನಯವಾಗಿದ್ದು ಸುತ್ತ ರಕ್ತ ಇಲ್ಲದಿದ್ದರೆ ಅದು ಸಹಜವಾದದ್ದೇ ಇರಬಹುದು.

ಗುಲ್ಮದ ಪಕ್ಕದಲ್ಲಿ ಒಂದು ಪುಟ್ಟ ದುಂಡನೆಯ ಗಂಟು ಕಂಡರೆ ಅದು ಉಪಗುಲ್ಮವಿರಬಹುದು, ಅಂದರೆ ಹುಟ್ಟಿನಿಂದಲೇ ಬೇರೆಯಾಗಿ ಉಳಿದ ಗುಲ್ಮದ ತುಣುಕು. ಇದು ಎಷ್ಟೋ ಜನರಲ್ಲಿ ಇರುತ್ತದೆ, ತೊಂದರೆ ಕೊಡುವುದಿಲ್ಲ. ಎಲ್ಲ ಫೇಸ್‌ಗಳಲ್ಲೂ ಗುಲ್ಮದ ಬಣ್ಣವನ್ನೇ ತಾಳುವುದು ಅದರ ಗುರುತು. ಮೇದೋಜೀರಕದ ಬಾಲದೊಳಗೆ ಇದು ಕುಳಿತಿದ್ದರೆ ಗಡ್ಡೆಯೆಂದು ಆಪರೇಷನ್‌ವರೆಗೂ ಹೋಗುವ ಅಪಾಯವಿದೆ. ಅಂಥ ಅನುಮಾನ ಬಂದಾಗ ಟೆಕ್ನೀಷಿಯಂ ಎಂಬ ವಿಕಿರಣಶೀಲ ವಸ್ತು ಸೇರಿಸಿದ, ಬಿಸಿಯಿಂದ ಹದಗೆಡಿಸಿದ ಕೆಂಪು ರಕ್ತಕಣಗಳ ನ್ಯೂಕ್ಲಿಯರ್ ಸ್ಕ್ಯಾನ್ ಬಲು ಉಪಯುಕ್ತ. ಹದಗೆಟ್ಟ ಕಣಗಳನ್ನು ಹಿಡಿದಿಟ್ಟುಕೊಳ್ಳುವುದು ಗುಲ್ಮದ ಅಂಗಾಂಶದ ಕೆಲಸ, ಹಾಗಾಗಿ ಆ ತುಣುಕು ಎಲ್ಲಿದ್ದರೂ ಬೆಳಗುತ್ತದೆ.

4. ಅಲ್ಟ್ರಾಸೌಂಡ್‌ನಿಂದ ಆರಂಭಿಸಿ, ಅದರ ಮಿತಿಯೂ ತಿಳಿದಿರಲಿ

ವಿಕಿರಣವಿಲ್ಲ, ಸೂಜಿಯಿಲ್ಲ, ಗರ್ಭಿಣಿಯರಿಗೂ ಮಕ್ಕಳಿಗೂ ಸರಿ. ಲೀಶನ್‌ನೊಳಗೆ ನೀರಿದೆಯೋ ಗಟ್ಟಿ ಅಂಗಾಂಶವಿದೆಯೋ ಎಂಬುದನ್ನು ಅಲ್ಟ್ರಾಸೌಂಡ್ ಚೆನ್ನಾಗಿ ಹೇಳುತ್ತದೆ. ಪೂರಾ ಕಪ್ಪಾಗಿ, ತೆಳುವಾದ ಗೋಡೆಯೊಂದಿಗೆ, ಹಿಂಬದಿ ಬೆಳ್ಳಗೆ ಕಂಡರೆ ಅದು ಸರಳ ನೀರುಚೀಲ.

ಗುಲ್ಮದ ಉದ್ದ ಅಳೆಯುವುದೂ ಇದರಲ್ಲೇ ಸುಲಭ. ಲಿಂಫೋಮಾದ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರಿನ ಹಂತ ನಿರ್ಧರಿಸಲು 2014ರಲ್ಲಿ ಬಂದ ಲುಗಾನೋ ವರ್ಗೀಕರಣದಲ್ಲಿ 13 ಸೆಂ.ಮೀ. ಮೀರಿದ ಗುಲ್ಮವನ್ನು ದೊಡ್ಡದೆಂದು ಪರಿಗಣಿಸುತ್ತಾರೆ. ಎತ್ತರದ ಆಳುಗಳಲ್ಲಿ ಸಹಜ ಗುಲ್ಮವೂ ತುಸು ಉದ್ದವಿರುತ್ತದೆ ಎಂಬುದು ನೆನಪಿರಲಿ.

ಎಚ್ಚರಿಕೆ: ಸಿ.ಟಿ.ಯಲ್ಲಿ ಕಂಡ ಲೀಶನ್ ಅಲ್ಟ್ರಾಸೌಂಡ್‌ನಲ್ಲಿ ಕಾಣಲಿಲ್ಲವೆಂದರೆ ವಾಸಿಯಾಯಿತು ಎಂದಲ್ಲ. ಗುಲ್ಮದಷ್ಟೇ ಬೂದು ಬಣ್ಣದ ಲೀಶನ್‌ಗಳು ಇದರಲ್ಲಿ ಅಡಗಿಬಿಡುತ್ತವೆ. ಪಕ್ಕೆಲುಬು, ಶ್ವಾಸಕೋಶ, ಹೊಟ್ಟೆಯ ಗಾಳಿ ಅಡ್ಡ ಬಂದು ಮೇಲ್ಭಾಗ ಕಾಣದೆಯೂ ಹೋಗಬಹುದು.

ಕೆಲವೆಡೆ ಕಾಂಟ್ರಾಸ್ಟ್ ಅಲ್ಟ್ರಾಸೌಂಡ್ ಸಿಗುತ್ತದೆ. ನರಕ್ಕೆ ಕೊಡುವ ಅತಿ ಸಣ್ಣ ಅನಿಲದ ಗುಳ್ಳೆಗಳು ಉಸಿರಿನ ಮೂಲಕ ಹೊರಹೋಗುವುದರಿಂದ ಕಿಡ್ನಿಗೆ ಭಾರವಿಲ್ಲ. ಸಹಜ ಗುಲ್ಮ ಈ ಗುಳ್ಳೆಗಳನ್ನು ಹಲವು ನಿಮಿಷ ಹಿಡಿದಿಟ್ಟುಕೊಳ್ಳುತ್ತದೆ. ಲೀಶನ್ ಮಾತ್ರ ಬೇಗನೆ ಖಾಲಿಯಾಗಿ ಕಪ್ಪಾದರೆ ಅನುಮಾನ ಹೆಚ್ಚುತ್ತದೆ.

5. ಸಿ.ಟಿ.: ತಯಾರಿ ಮತ್ತು ಓದುವ ಬಗೆ

ಕಾಂಟ್ರಾಸ್ಟ್ ಕೊಡುವ ಮೊದಲು ಅಯೋಡಿನ್ ಕಾಂಟ್ರಾಸ್ಟ್‌ನಿಂದ ಹಿಂದೆ ಅಲರ್ಜಿ ಆಗಿದ್ದರೆ ಹೇಳಿ. ಕಿಡ್ನಿ ತೊಂದರೆಯಿದ್ದರೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಕಿಡ್ನಿ ಬಹಳ ದುರ್ಬಲವಿದ್ದವರು ಆ ಮಾತ್ರೆಯನ್ನು 48 ಗಂಟೆ ನಿಲ್ಲಿಸಬೇಕಾಗಬಹುದು. ಕಿಡ್ನಿ ಚೆನ್ನಾಗಿರುವವರು ಸಾಮಾನ್ಯವಾಗಿ ನಿಲ್ಲಿಸಬೇಕಿಲ್ಲ. ವೈದ್ಯರು ಹೇಳದೆ ನೀವಾಗಿಯೇ ನಿಲ್ಲಿಸಬೇಡಿ.

ರಿಪೋರ್ಟಿನಲ್ಲಿ ಹೌನ್ಸ್‌ಫೀಲ್ಡ್ ಎಂಬ ಸಂಖ್ಯೆ ಕಾಣಬಹುದು. ಇದು ಸಾಂದ್ರತೆಯ ಅಳತೆ: ನೀರು 0, ಕಾಂಟ್ರಾಸ್ಟ್ ಇಲ್ಲದ ಸಹಜ ಗುಲ್ಮ ಸುಮಾರು 40ರಿಂದ 60. ಲೀಶನ್ 20ಕ್ಕಿಂತ ಕಡಿಮೆಯಿದ್ದು ಕಾಂಟ್ರಾಸ್ಟ್ ಕೊಟ್ಟ ಮೇಲೂ ಏರದಿದ್ದರೆ ಅದು ನೀರುಚೀಲವೇ ಇರಬೇಕು. ಆದರೆ ಲೀಶನ್ ಕೆಲವೇ ಮಿಲಿಮೀಟರಿನದಾದರೆ ಈ ಸಂಖ್ಯೆಯನ್ನು ನೆಚ್ಚಿಕೊಳ್ಳಬೇಡಿ. ಅಕ್ಕಪಕ್ಕದ ಅಂಗಾಂಶವೂ ಅಳತೆಯೊಳಗೆ ಸೇರಿಕೊಳ್ಳುತ್ತದೆ.

ಈಗ ನೋಟದ ಮಾತು. ಗುಲ್ಮದ ಲೀಶನ್‌ಗಳಲ್ಲಿ ಕೆಲವು ತಮ್ಮ ಹೆಸರನ್ನು ತಾವೇ ಹೇಳುತ್ತವೆ, ಹಲವು ಹೇಳುವುದಿಲ್ಲ.

ತ್ರಿಕೋನಾಕಾರದಲ್ಲಿ, ಅಗಲವಾದ ಬದಿ ಗುಲ್ಮದ ಹೊರ ಅಂಚಿಗೆ ಅಂಟಿಕೊಂಡಿದ್ದು, ಕಾಂಟ್ರಾಸ್ಟ್ ಹೀರದಿದ್ದರೆ ಅದು ಇನ್‌ಫಾರ್ಕ್ಟ್, ಅಂದರೆ ರಕ್ತಪೂರೈಕೆ ನಿಂತು ಸತ್ತ ಭಾಗ. ಆಗ ಹೃದಯವನ್ನೂ ರಕ್ತವನ್ನೂ ಪರೀಕ್ಷಿಸಬೇಕು. ಏಟ್ರಿಯಲ್ ಫಿಬ್ರಿಲೇಷನ್‌ನಂಥ ಲಯ ತಪ್ಪಿದ ಬಡಿತ, ಕವಾಟದ ಸೋಂಕು, ಕುಡಗೋಲು ಕಣ ರೋಗ ಇವೆಲ್ಲ ಇದಕ್ಕೆ ಕಾರಣವಾಗಬಹುದು. ಚದುರಿದ ಸಣ್ಣ ಸುಣ್ಣದ ಚುಕ್ಕೆಗಳು ಬಹುಪಾಲು ಯಾವಾಗಲೋ ಆಗಿ ವಾಸಿಯಾದ ಕ್ಷಯ ಅಥವಾ ಹಿಸ್ಟೋಪ್ಲಾಸ್ಮೋಸಿಸ್ ಎಂಬ ಶಿಲೀಂಧ್ರ ಸೋಂಕಿನ ಕಲೆಗಳು. ದಪ್ಪ, ಕಾಂಟ್ರಾಸ್ಟ್ ಹೀರುವ ಗೋಡೆಯ ಚೀಲ, ಜೊತೆಗೆ ಜ್ವರವಿದ್ದರೆ ಕೀವುಗಡ್ಡೆ. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಹಲವಾರು ಪುಟ್ಟ ಕಪ್ಪು ಚುಕ್ಕೆಗಳು ಕಂಡರೆ ಕ್ಯಾಂಡಿಡಾದಂಥ ಶಿಲೀಂಧ್ರದ ಸೋಂಕನ್ನು ಮೊದಲು ನೆನೆಯಬೇಕು.

ನೀರುಚೀಲಗಳಲ್ಲೂ ಬಗೆಗಳಿವೆ. ಹುಟ್ಟಿನಿಂದ ಬಂದವು, ಹಳೆಯ ಪೆಟ್ಟಿನ ರಕ್ತ ಕರಗಿ ಉಳಿದವು, ಮತ್ತು ಎಕಿನೋಕಾಕಸ್ ಎಂಬ ಹುಳದಿಂದ ಆಗುವ ಹೈಡಾಟಿಡ್ ಚೀಲ. ಕುರಿ-ನಾಯಿಗಳ ಒಡನಾಟ ಕೇಳಿದ್ದು ಇದಕ್ಕಾಗಿ: ನಾಯಿಯ ಕರುಳಿನಲ್ಲಿರುವ ಈ ಹುಳದ ಮೊಟ್ಟೆಗಳು ಮನುಷ್ಯರ ಹೊಟ್ಟೆ ಸೇರಿ ಚೀಲಗಳಾಗುತ್ತವೆ. ದೊಡ್ಡ ಚೀಲದೊಳಗೆ ಮರಿ ಚೀಲಗಳು, ಗೋಡೆಯಲ್ಲಿ ಸುಣ್ಣ ಕಂಡರೆ ಅನುಮಾನಿಸಬೇಕು. ಇಂಥ ಚೀಲಕ್ಕೆ ತಿಳಿಯದೆ ಸೂಜಿ ಚುಚ್ಚಿದರೆ ತೀವ್ರ ಅಲರ್ಜಿಯ ಆಘಾತವಾಗಬಹುದು, ರೋಗ ಹೊಟ್ಟೆಯಲ್ಲೆಲ್ಲ ಹರಡಬಹುದು. ಯಾವುದೇ ಅನುಮಾನದ ಚೀಲಕ್ಕೆ ಸೂಜಿ ಹಾಕುವ ಮುನ್ನ ಹೈಡಾಟಿಡ್ ರಕ್ತಪರೀಕ್ಷೆಯ ಬಗ್ಗೆ ಕೇಳಿ.

ಗಟ್ಟಿ ಲೀಶನ್‌ಗಳೇ ಕಷ್ಟ. ಅಪಾಯವಿಲ್ಲದ ಗಡ್ಡೆಗಳಲ್ಲಿ ಹೆಚ್ಚು ಸಾಮಾನ್ಯವಾದದ್ದು ಹೆಮಾಂಜಿಯೋಮಾ, ಅಂದರೆ ರಕ್ತನಾಳಗಳ ಗೊಂಚಲು. ಲಿವರಿನ ಹೆಮಾಂಜಿಯೋಮಾ ಅಂಚಿನಿಂದ ಒಳಕ್ಕೆ ತುಂಬಿಕೊಳ್ಳುತ್ತ ತನ್ನ ಗುರುತು ಬಿಟ್ಟುಕೊಡುತ್ತದೆ. ಗುಲ್ಮದ್ದು ಅನೇಕ ಸಲ ಹಾಗೆ ನಡೆದುಕೊಳ್ಳುವುದಿಲ್ಲ. ಹಾಗಾಗಿ ‘ಹೆಮಾಂಜಿಯೋಮಾದ ಮಾದರಿ ಇಲ್ಲ’ ಎಂದು ರಿಪೋರ್ಟ್ ಹೇಳಿದ ಮಾತ್ರಕ್ಕೆ ಗಾಬರಿ ಬೇಡ. ಕ್ಯಾನ್ಸರುಗಳಲ್ಲಿ ಲಿಂಫೋಮಾ ಮುಂದೆ ನಿಲ್ಲುತ್ತದೆ. ಅದು ಒಂದೇ ದೊಡ್ಡ ಗಡ್ಡೆಯಾಗಿ, ಹಲವು ಗಂಟುಗಳಾಗಿ, ಅಥವಾ ಗಂಟೇ ಕಾಣದೆ ಗುಲ್ಮ ಊದಿಕೊಂಡಂತೆಯೂ ಬರಬಹುದು. ಬೇರೆಡೆಯಿಂದ ಹರಡುವ ಕ್ಯಾನ್ಸರುಗಳಲ್ಲಿ ಸ್ತನ, ಶ್ವಾಸಕೋಶ, ಅಂಡಾಶಯ ಮತ್ತು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರನ್ನು ಹೆಚ್ಚಾಗಿ ನೋಡುತ್ತೇವೆ. ರಕ್ತನಾಳದಲ್ಲೇ ಹುಟ್ಟುವ ಆಂಜಿಯೋಸಾರ್ಕೋಮಾ ತೀರ ಅಪರೂಪ, ಆದರೆ ಉಗ್ರ. ಬೇಗ ಬೆಳೆಯುತ್ತದೆ, ಒಡೆದು ರಕ್ತಸ್ರಾವವಾಗಬಹುದು.

6. ಸಿ.ಟಿ. ಉತ್ತರ ಕೊಡದಿದ್ದರೆ ಎಂ.ಆರ್.ಐ.

ವಿಕಿರಣವಿಲ್ಲದೆ ಹೆಚ್ಚು ವಿವರ ಕೊಡುವುದರಿಂದ ಮತ್ತೆ ಮತ್ತೆ ನೋಡಬೇಕಾದಾಗಲೂ ಇದೇ ಉತ್ತಮ. ಪೇಸ್‌ಮೇಕರ್, ಮೆದುಳಿನ ರಕ್ತನಾಳದ ಕ್ಲಿಪ್, ಕಿವಿಯೊಳಗಿನ ಕಾಕ್ಲಿಯರ್ ಯಂತ್ರ ಇದ್ದರೆ ದಿನ ಗೊತ್ತುಮಾಡುವಾಗಲೇ ಹೇಳಿ. ಗರ್ಭಿಣಿಯರಿಗೆ ಗ್ಯಾಡೋಲಿನಿಯಂ ಕಾಂಟ್ರಾಸ್ಟ್ ಇಲ್ಲದೆ ಮಾಡುವುದು ರೂಢಿ.

ಟಿ2 ಎಂಬ ಬಗೆಯ ಚಿತ್ರದಲ್ಲಿ ನೀರು ಬಹಳ ಬೆಳ್ಳಗೆ ಕಾಣುತ್ತದೆ, ಹಾಗಾಗಿ ನೀರುಚೀಲ ಎದ್ದು ಕಾಣುತ್ತದೆ. ಟಿ2ನಲ್ಲಿ ಕಪ್ಪಗಿದ್ದು, ಕಾಂಟ್ರಾಸ್ಟ್ ಅಂಚಿನಿಂದ ಚಕ್ರದ ಅರೆಗಳ ಹಾಗೆ ಒಳಕ್ಕೆ ಸಾಗಿದರೆ ಸ್ಯಾಂಟ್ ಎಂದು ಕರೆಯುವ ಅಪಾಯವಿಲ್ಲದ ಗಡ್ಡೆಯನ್ನು ಯೋಚಿಸುತ್ತಾರೆ. ಲಿವರ್ ಕಾಯಿಲೆಯಿಂದ ಪೋರ್ಟಲ್ ರಕ್ತನಾಳದ (ಕರುಳು, ಗುಲ್ಮಗಳ ರಕ್ತವನ್ನು ಲಿವರಿಗೆ ಒಯ್ಯುವ ನಾಳದ) ಒತ್ತಡ ಏರಿದವರಲ್ಲಿ ಗುಲ್ಮದ ತುಂಬ ಪುಟ್ಟ ಕಪ್ಪು ಚುಕ್ಕೆಗಳು ಕಾಣಬಹುದು. ಅವು ಗಾಮ್ನಾ-ಗ್ಯಾಂಡಿ ಚುಕ್ಕೆಗಳು, ಹಳೆಯ ಸಣ್ಣ ರಕ್ತಸ್ರಾವದ ಕಬ್ಬಿಣದ ಕಲೆ, ಗಡ್ಡೆಗಳಲ್ಲ.

ಎಚ್ಚರಿಕೆ: ಡಿಫ್ಯೂಷನ್ ಎಂಬ ಚಿತ್ರದಲ್ಲಿ ಸಹಜ ಗುಲ್ಮವೇ ಬೆಳ್ಳಗೆ ಹೊಳೆಯುತ್ತದೆ. ಬೇರೆ ಅಂಗಗಳಲ್ಲಿ ಅಂಥ ಹೊಳಪು ಅನುಮಾನ ಹುಟ್ಟಿಸಿದರೂ ಇಲ್ಲಿ ಹಾಗಲ್ಲ.

7. ಪೆಟ್ ಸ್ಕ್ಯಾನ್ ಎಲ್ಲರಿಗೂ ಬೇಕಿಲ್ಲ

ಸಕ್ಕರೆಯಂಥ ವಿಕಿರಣಶೀಲ ವಸ್ತುವನ್ನು ಕೊಟ್ಟು, ಅದನ್ನು ಹೆಚ್ಚು ಹೀರುವ ಜಾಗಗಳನ್ನು ಹುಡುಕುವ ಪರೀಕ್ಷೆ ಇದು. ಲಿಂಫೋಮಾ ಇರುವವರಿಗೆ, ಹಿಂದೆ ಕ್ಯಾನ್ಸರ್ ಆಗಿದ್ದವರಲ್ಲಿ 1 ಸೆಂ.ಮೀ. ಅಥವಾ ದೊಡ್ಡ ಲೀಶನ್ ಕಂಡಾಗ ತುಂಬ ಉಪಯೋಗಕ್ಕೆ ಬರುತ್ತದೆ. ಆರೋಗ್ಯವಂತರಲ್ಲಿ ಅಕಸ್ಮಾತ್ತಾಗಿ ಕಂಡ ಸಣ್ಣ ಲೀಶನ್‌ಗೆ ಮೊದಲ ಪರೀಕ್ಷೆಯಾಗಿ ಇದನ್ನು ಮಾಡಿಸುವುದಕ್ಕೆ ನನ್ನ ಸಮ್ಮತಿಯಿಲ್ಲ. ಕ್ಷಯ, ಸಾರ್ಕಾಯ್ಡ್ ಎಂಬ ಉರಿಯೂತದ ಕಾಯಿಲೆ, ಕೀವುಗಡ್ಡೆಗಳೂ ಪೆಟ್‌ನಲ್ಲಿ ಉರಿಯುವ ಕೆಂಡದಂತೆ ಹೊಳೆಯುತ್ತವೆ, ಭಯ ಮಾತ್ರ ಹೆಚ್ಚುತ್ತದೆ. ಕೀಮೋಥೆರಪಿಯ ನಂತರ ಬಿಳಿ ರಕ್ತಕಣ ಹೆಚ್ಚಿಸುವ ಇಂಜೆಕ್ಷನ್ ಪಡೆದವರಲ್ಲಿ ಇಡೀ ಗುಲ್ಮವೇ ಹೊಳೆಯಬಹುದು. ಆ ಇಂಜೆಕ್ಷನ್ ಯಾವ ದಿನ ತೆಗೆದುಕೊಂಡಿರಿ ಎಂದು ಮರೆಯದೆ ಹೇಳಿ.

8. ನೋಡುತ್ತ ಕಾಯುವುದೋ, ಬಯಾಪ್ಸಿಯೋ?

ಚಿತ್ರ ಸ್ಪಷ್ಟವಾಗಿ ಸರಳ ನೀರುಚೀಲ ಎಂದರೆ, ತೊಂದರೆ ಕೊಡದಿದ್ದರೆ ಸುಮ್ಮನಿರಬಹುದು. ಸ್ಪಷ್ಟವಿಲ್ಲ, ಹಳೆಯ ಚಿತ್ರವಿಲ್ಲ, ರೋಗಲಕ್ಷಣವೂ ಕ್ಯಾನ್ಸರ್ ಇತಿಹಾಸವೂ ಇಲ್ಲವೆಂದಾದರೆ 6 ಮತ್ತು 12 ತಿಂಗಳಿಗೆ ಎಂ.ಆರ್.ಐ. ಮಾಡಿ ನೋಡುವುದು ಮೇಲೆ ಹೇಳಿದ ಮಾರ್ಗಸೂಚಿಯ ದಾರಿ. ಕ್ಯಾನ್ಸರ್ ಆಗಿದ್ದವರಲ್ಲಿ 1 ಸೆಂ.ಮೀ.ಗಿಂತ ಸಣ್ಣದಿದ್ದರೂ ಇದೇ ಕ್ರಮ. ಅದಕ್ಕಿಂತ ದೊಡ್ಡದಿದ್ದರೆ, ಬೆಳೆಯುತ್ತಿದ್ದರೆ, ಜ್ವರವೋ ನೋವೋ ಇದ್ದರೆ ಪೆಟ್, ಎಂ.ಆರ್.ಐ. ಅಥವಾ ಬಯಾಪ್ಸಿಯ ಮಾತು ಬರುತ್ತದೆ.

ಗುಲ್ಮಕ್ಕೆ ಸೂಜಿ ಹಾಕಲೇಬಾರದು ಎಂಬ ಹಳೆಯ ಭಯ ಪೂರ್ತಿ ನಿಜವಲ್ಲ. 18 ಗೇಜ್ (ಗೇಜ್ ಎಂದರೆ ಸೂಜಿಯ ದಪ್ಪದ ಅಳತೆ) ಅಥವಾ ಅದಕ್ಕಿಂತ ತೆಳುವಾದ ಸೂಜಿಯಿಂದ, ಅನುಭವಿ ಕೈಗಳಲ್ಲಿ, ರಕ್ತ ಹೆಪ್ಪುಗಟ್ಟುವ ಶಕ್ತಿ ಪರೀಕ್ಷಿಸಿ ಮಾಡಿದರೆ ದೊಡ್ಡ ತೊಡಕು ಕಡಿಮೆ. ಆಸ್ಪಿರಿನ್, ರಕ್ತ ತೆಳುಗೊಳಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಬಹಳ ಮುಂಚೆಯೇ ತಿಳಿಸಿ. ಆಂಜಿಯೋಸಾರ್ಕೋಮಾದಂಥ ರಕ್ತನಾಳದ ಗಡ್ಡೆಯ ಅನುಮಾನವಿದ್ದರೆ ಮಾತ್ರ ಸೂಜಿಗಿಂತ ಗುಲ್ಮ ತೆಗೆಯುವುದೇ ಸರಿಯೆಂದು ವೈದ್ಯರು ಹೇಳಬಹುದು. ತೆಗೆಯುವುದೆಂದು ನಿಶ್ಚಯವಾದರೆ ನ್ಯೂಮೋಕಾಕಸ್, ಮೆನಿಂಗೋಕಾಕಸ್, ಹಿಬ್ ಲಸಿಕೆಗಳನ್ನು ಸಾಧ್ಯವಾದರೆ ಕನಿಷ್ಠ ಎರಡು ವಾರ ಮೊದಲೇ ಹಾಕಿಸಿಕೊಳ್ಳಬೇಕು. ಗುಲ್ಮವಿಲ್ಲದ ಮೇಲೆ ಈ ರೋಗಾಣುಗಳ ಸೋಂಕು ಗಂಟೆಗಳಲ್ಲೇ ಉಲ್ಬಣಿಸಬಹುದು.

9. ಮರುಸ್ಕ್ಯಾನ್ ದಿನ

ಮೊದಲ ಸಲ ಯಾವ ಬಗೆಯ ಸ್ಕ್ಯಾನ್ ಆಗಿತ್ತೋ ಅದೇ ಬಗೆಯದು, ಅದೇ ಫೇಸ್‌ನಲ್ಲಿ ಆಗುವಂತೆ ನೋಡಿಕೊಳ್ಳಿ. ಸಿ.ಟಿ.ಯ 14 ಮಿ.ಮೀ. ಅಲ್ಟ್ರಾಸೌಂಡ್‌ನಲ್ಲಿ 17 ಆದರೆ ಅದು ಬೆಳೆದದ್ದೋ ಅಳತೆಯ ವ್ಯತ್ಯಾಸವೋ ಯಾರೂ ಹೇಳಲಾರರು. ಬಗೆ ಬದಲಿಸಲೇಬೇಕಾದರೆ ಎಂ.ಆರ್.ಐ.ಗೆ ಒಮ್ಮೆ ಬದಲಿಸಿ, ಮುಂದಿನವನ್ನೆಲ್ಲ ಅದರಲ್ಲೇ ಮಾಡಿಸಿ. ಹೊರಡುವ ಮುನ್ನ ಹಳೆಯ ಸಿ.ಡಿ. ಕೈಯಲ್ಲಿರಲಿ. ಚೀಟಿಯಲ್ಲಿ ಲೀಶನ್ ಇರುವ ಜಾಗ, ಹಿಂದಿನ ಅಳತೆ, ಹಿಂದಿನ ದಿನಾಂಕ ಬರೆಸಿ. ರಿಪೋರ್ಟ್ ಬಂದಾಗ ಎರಡು ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿದೆಯೇ ನೋಡಿ: ಹಿಂದಿನದಕ್ಕೆ ಹೋಲಿಸಿದರೆ ಅಳತೆ ಬದಲಾಗಿದೆಯೇ, ಮುಂದಿನ ಸ್ಕ್ಯಾನ್ ಬೇಕೇ ಬೇಡವೇ. ಇಲ್ಲದಿದ್ದರೆ ಅಲ್ಲೇ ಕೇಳಿ, ಸೇರಿಸಿ ಬರೆದುಕೊಡುತ್ತಾರೆ.